ನಿಂತರೆ ಹೀಟ್, ಓಡಿದರೆ ಕೂಲ್: ನನ್ನ ಕಾರಿನ ರೋಗ ಪತ್ತೆಯಾದ ಬಗೆ

ಕಾರು ಹೀಟ್ ಆಗ್ತಿದೆ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು, "ಹೆಡ್ ಗ್ಯಾಸ್ಕೆಟ್ ಹೋಗಿರ್ಬೇಕು ಮಾರಾಯ್ರೆ". ನನಗೆ ಒಂದು ಗ್ಯಾರೇಜಿನಲ್ಲಿ ಬಾನೆಟ್ ಎತ್ತುವ ಮೊದಲೇ ಹಾಗೆ ಹೇಳಿದರು. ಹೆಡ್ ಅಂದರೆ ಇಂಜಿನ್ನಿನ ಮೇಲ್ಭಾಗ, ಅದರ ಅಡಿಯಲ್ಲಿ ಸೋರದಂತೆ ಕೂರಿಸುವ ಸೀಲೇ ಈ ಗ್ಯಾಸ್ಕೆಟ್. ಅದಕ್ಕಾಗಿ ಹೆಡ್ ಇಳಿಸುವುದು ಅಂದರೆ ಸಣ್ಣ ಖರ್ಚಲ್ಲ. ಕಾರು ವಾಪಸ್ ತಂದೆ. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಬಿಸಿ ತೋರಿಸುವ ಮುಳ್ಳು ಏರುವುದು ಯಾವಾಗ ಅಂತ ಮೊದಲು ನೋಡೋಣ ಅಂದುಕೊಂಡೆ.

ಉತ್ತರ ಉಡುಪಿಯ ಕಲ್ಸಂಕ ಜಂಕ್ಷನ್ನಿನಲ್ಲೇ ಸಿಕ್ಕಿತು. ಅಲ್ಲಿ ಟ್ರಾಫಿಕ್ ಬ್ಲಾಕಿನಲ್ಲಿ ನಿಂತರೆ ಮುಳ್ಳು ಮೇಲೆ ಹೋಗುತ್ತದೆ, ಎ.ಸಿ. ಗಾಳಿಯೂ ಬೆಚ್ಚಗಾಗುತ್ತದೆ. ಕರಾವಳಿ ಬೈಪಾಸ್ ದಾಟಿ ಹೈವೇ 66ರಲ್ಲಿ ಕಾಪು ಕಡೆ ಹೊರಟರೆ ಎರಡೂ ತನ್ನಷ್ಟಕ್ಕೇ ಸರಿ. ಗಾಡಿ ಓಡುವಾಗ ಎದುರು ಗಾಳಿಯೇ ಇಂಜಿನ್ನಿನ ಬಿಸಿ ಹೊರಬಿಡುವ ರೇಡಿಯೇಟರನ್ನು ತಣ್ಣಗೆ ಮಾಡುತ್ತದೆ, ನಿಂತಾಗ ಆ ಕೆಲಸ ಫ್ಯಾನಿನದ್ದು. ಹಾಗಾಗಿ ನನ್ನ ಅನುಮಾನ ಸೀದಾ ಫ್ಯಾನಿನ ಮೇಲೆ.

ಹೆಡ್ ಗ್ಯಾಸ್ಕೆಟ್ ಲಕ್ಷಣಗಳನ್ನೂ ನೋಡಿಕೊಂಡೆ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿರಲಿಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ನಿಲ್ಲದೆ ಬರುತ್ತಿರಲಿಲ್ಲ, ಕೂಲೆಂಟ್ (ಇಂಜಿನ್ ತಣಿಸಲು ಸುತ್ತುವ ನೀರು) ಮಟ್ಟ ಇಳಿದಿರಲಿಲ್ಲ. ಇದನ್ನೆಲ್ಲ ನೋಡಬೇಕಾದ್ದು ಇಂಜಿನ್ ಪೂರ್ತಿ ತಣಿದ ಮೇಲೆ. ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳ ಮುಟ್ಟಲೇಬೇಡಿ. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ, ತೆರೆದ ಕ್ಷಣಕ್ಕೆ ಕುದಿದು ಮುಖಕ್ಕೆ ಹಾರುತ್ತದೆ.

ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ ಎ.ಸಿ. ಹಾಕಿದೆ. ಹೆಚ್ಚಿನ ಕಾರುಗಳಲ್ಲಿ ಆಗ ಫ್ಯಾನ್ ತಿರುಗಲೇಬೇಕು. ನನ್ನದು ಮಿಸುಕಲಿಲ್ಲ. ಫ್ಯೂಸ್ ಸರಿಯಿತ್ತು. ಬಾಕ್ಸಿನಲ್ಲಿ ಫ್ಯಾನಿನ ರಿಲೇಯ (ಕರೆಂಟ್ ಹಾಯಿಸುವ ಸ್ವಿಚ್) ನಂಬರಿನದ್ದೇ ಇನ್ನೊಂದು ರಿಲೇ ಇತ್ತು, ಅದನ್ನು ಕಿತ್ತು ಫ್ಯಾನಿನ ಜಾಗಕ್ಕೆ ಹಾಕಿದೆ, ಆದರೂ ಇಲ್ಲ. ಫ್ಯಾನಿನ ಸಾಕೆಟ್ ಬಿಡಿಸಿ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟರೆ ಮಾತ್ರ ಗಿರ್ರೆಂದು ತಿರುಗಿತು. ಮೋಟಾರ್ ಹೋಗಿಲ್ಲ ಅಂತಾಯ್ತಲ್ವಾ? ಮತ್ತೆ ಸಾಕೆಟ್ ಒಳಗೆ ಟಾರ್ಚ್ ಬಿಟ್ಟು ನೋಡಿದೆ. ಒಂದು ಪಿನ್ ತುಂಬ ಹಸಿರು ಕಿಲುಬು, ಪಕ್ಕದ ಪ್ಲಾಸ್ಟಿಕ್ ಕಂದಿ ಕರಗಿತ್ತು. ಮಲ್ಪೆ ಬದಿಯ ಉಪ್ಪು ಗಾಳಿಗೆ ಗೇಟಿನ ಚಿಲಕವೇ ಉಳಿಯುವುದಿಲ್ಲ, ಇದು ಯಾವ ಲೆಕ್ಕ! ಎಲೆಕ್ಟ್ರಿಷಿಯನ್ ಹತ್ತಿರ ಹೊಸ ಸಾಕೆಟ್ ಹಾಕಿಸಿದೆ.

ಕಲ್ಸಂಕದ ಸಮಸ್ಯೆ ಅಲ್ಲಿಗೆ ಮುಗಿಯಿತು. ಆದರೆ ಆಗುಂಬೆ ಹತ್ತುವಾಗ ಮುಳ್ಳು ಮತ್ತೆ ಸ್ವಲ್ಪ ಮೇಲೆ. ಈಗ ಫ್ಯಾನ್ ಓಡುತ್ತಿದೆ, ಹಾಗಾದರೆ ರೇಡಿಯೇಟರಿಗೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಒಳಗೆ ಕೂಲೆಂಟ್ ಸರಿಯಾಗಿ ಓಡುತ್ತಿಲ್ಲ. ಎದುರಿನಿಂದ ನೋಡಿದರೆ ಎಲ್ಲ ಕ್ಲೀನ್. ರೇಡಿಯೇಟರಿನ ಎದುರು ಕೂರುವ ಎ.ಸಿ. ಕಂಡೆನ್ಸರ್ ಸ್ವಲ್ಪ ಮುಂದಕ್ಕೆ ಸರಿಸಿದಾಗ ನಡುವಿನ ಸಂದಿಯಲ್ಲಿ ಕೆಂಪು ಮಣ್ಣು, ಹುಳ, ಒಣಗಿದ ಎಲೆ ಸೇರಿ ಕಂಬಳಿಯ ಹಾಗೆ ಅಂಟಿಕೊಂಡಿತ್ತು. ಇಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲ ನೀರು ಬಿಟ್ಟು ತೊಳೆಯಬೇಕು. ವಾಶಿಂಗ್ ಗನ್ ಜೋರಾಗಿ ಹೊಡೆದರೆ ರೇಡಿಯೇಟರಿನ ತೆಳು ತಗಡಿನ ಫಿನ್‌ಗಳು ಮಡಚಿಕೊಂಡು ಇನ್ನೂ ಕೆಡುತ್ತದೆ.

"ಥರ್ಮೋಸ್ಟಾಟ್ ತೆಗೆದು ಬಿಸಾಡಿ, ನಮ್ಮ ಊರಿಗೆ ಯಾಕೆ ಅದು" ಅನ್ನುವವರೂ ಸಿಕ್ಕರು. ಥರ್ಮೋಸ್ಟಾಟ್ ಅಂದರೆ ಇಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್. ಅದನ್ನು ತೆಗೆಯುವುದು ನನಗೆ ಒಪ್ಪಿಗೆಯಿಲ್ಲ. ಅದಿಲ್ಲದಿದ್ದರೆ ಇಂಜಿನ್ ಬೇಗ ಬಿಸಿಯಾಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಅನುಮಾನ ಇದ್ದರೆ ಬಿಚ್ಚಿ ಬಿಸಿ ನೀರಿನ ಪಾತ್ರೆಯಲ್ಲಿ ಇಟ್ಟು ನೋಡಿ, ಅದರ ಮೇಲೆ ಬರೆದ ಡಿಗ್ರಿ ಹತ್ತಿರ, ಸಾಮಾನ್ಯವಾಗಿ 80ರಿಂದ 90ರೊಳಗೆ, ಬಾಯಿ ತೆರೆಯಬೇಕು. ನನ್ನದು ತೆರೆಯಿತು, ಅದನ್ನೇ ವಾಪಸ್ ಹಾಕಿಸಿದೆ.

ಘಾಟಿಯಲ್ಲಿ ಮುಳ್ಳು ಏರಿದರೆ ಎ.ಸಿ. ಬಂದ್ ಮಾಡಿ, ಹೀಟರ್ ಫುಲ್ ಇಡಿ, ಕಿಟಕಿ ಇಳಿಸಿ. ಬೆವರು ಸುರಿಯುತ್ತದೆ, ಆದರೆ ಇಂಜಿನ್ನಿನ ಒಂದಷ್ಟು ಬಿಸಿ ಆ ದಾರಿಯಲ್ಲಿ ಹೊರಹೋಗುತ್ತದೆ. ಆದರೂ ಮುಳ್ಳು ಕೆಂಪು ಗೆರೆ ಮುಟ್ಟಿದರೆ ಬದಿಗೆ ಹಾಕಿ ಆಫ್ ಮಾಡುವುದೇ ಸರಿ.