ಹಕ್ಕಿ ಬೇಕೆಂದರೆ ಮೊದಲು ಹುಳ ಬೇಕು: ಅಪಾರ್ಟ್‌ಮೆಂಟಿನ ಹಿಂದಿನ ಜಾಗದಲ್ಲಿ ನನ್ನ ಅನುಭವ

ನಾವಿರುವ ಅಪಾರ್ಟ್‌ಮೆಂಟಿನ ಹಿಂದೆ, ಕಾಂಪೌಂಡ್ ಗೋಡೆಯ ಪಕ್ಕಕ್ಕೆ, ಉದ್ದನೆಯ ಪಟ್ಟಿಯಂಥ ಜಾಗವಿದೆ. ಅದನ್ನು ನೋಡಿಕೊಳ್ಳುವ ಕೆಲಸ ಕೆಲವು ವರ್ಷಗಳಿಂದ ನನ್ನದು. ಮೊದಲು ಅಲ್ಲಿ ಇದ್ದದ್ದು ಹುಲ್ಲುಹಾಸು, ಸಾಲಾಗಿ ನೆಟ್ಟ ಅಲಂಕಾರದ ಗಿಡಗಳು, ಎರಡು ದೊಡ್ಡ ಮರ. ಈಗ ಅದೇ ಜಾಗದಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ, ಮಳೆ ಬಂದ ರಾತ್ರಿ ಕಪ್ಪೆ ಕೂಗುತ್ತದೆ. ಏನು ಮಾಡಿದ್ರಿ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮೊದಲು ತಲೆ ಕೆಡಿಸಿಕೊಂಡದ್ದು ಹುಳಗಳ ಬಗ್ಗೆ. ಕಾಳು ತಿನ್ನುವ ಗುಬ್ಬಚ್ಚಿ ಕೂಡ ಮರಿಗಳಿಗೆ ತಂದು ಕೊಡುವುದು ಹುಳವನ್ನೇ. ಮರಿ ಬೆಳೆಯಲು ಬೇಕಾದ ಪ್ರೋಟೀನ್ ಅದಕ್ಕೆ ಅಲ್ಲಿಂದಲೇ ಸಿಗಬೇಕು. ಅಮೆರಿಕದ ಕೆರೋಲಿನಾ ಚಿಕಡೀ ಅನ್ನುವ ಪುಟ್ಟ ಹಕ್ಕಿ ಒಂದು ಗೂಡಿನ ಮರಿಗಳನ್ನು ದೊಡ್ಡದು ಮಾಡಲು 6,000ದಿಂದ 9,000 ಕಂಬಳಿಹುಳುಗಳನ್ನು ಹಿಡಿದು ತರುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ಇದೇ ಹಕ್ಕಿಯನ್ನು ವಾಷಿಂಗ್ಟನ್ ನಗರದ ಮನೆಗಳ ಹಿತ್ತಲಲ್ಲಿ ಗಮನಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಹಿತ್ತಲಿನ ಗಿಡಮರಗಳಲ್ಲಿ ಹೊರಗಿನಿಂದ ಬಂದ ಜಾತಿಗಳ ಪಾಲು ಶೇ 30 ದಾಟಿದರೆ, ಅಲ್ಲಿ ಹುಟ್ಟುವ ಮರಿಗಳಿಂದ ಆ ಹಕ್ಕಿಯ ಸಂಖ್ಯೆ ಉಳಿಯುವುದಿಲ್ಲ ಎಂದು ಅದು ತೋರಿಸಿತು. ಕಾರಣ ಸರಳ. ಹೆಚ್ಚಿನ ಹುಳಗಳು ತಮ್ಮ ಜೊತೆಗೇ ಬೆಳೆದು ಬಂದ ಕೆಲವೇ ಗಿಡಗಳ ಎಲೆ ತಿನ್ನುತ್ತವೆ. ದೂರದ ಖಂಡದಿಂದ ತಂದ ಗಿಡ ಎಷ್ಟೇ ಹಸಿರಾಗಿರಲಿ, ಅವಕ್ಕೆ ಅದು ಊಟವಲ್ಲ.

ಇದನ್ನು ತಿಳಿದ ಮೇಲೆ ನಮ್ಮ ಅಲಂಕಾರದ ಗಿಡಗಳನ್ನು ಹತ್ತಿರದಿಂದ ನೋಡಿದೆ. ಒಂದು ಎಲೆಯಲ್ಲೂ ತೂತಿರಲಿಲ್ಲ. ಎಲೆಯಲ್ಲಿ ತೂತಿಲ್ಲ ಅಂದರೆ ಅಲ್ಲಿ ಯಾರೂ ಊಟ ಮಾಡುತ್ತಿಲ್ಲ ಅಂತಲೇ ಅರ್ಥ, ಅಲ್ವಾ?

ಎಲ್ಲವನ್ನೂ ಒಮ್ಮೆಲೇ ಕಿತ್ತು ಹಾಕಲಿಲ್ಲ. ದೊಡ್ಡ ಮರಗಳನ್ನು ಮುಟ್ಟಲೇ ಇಲ್ಲ. ಬೆಳೆದ ಮರದ ಪೊಟರೆ, ತೊಗಟೆ, ಒಣಕೊಂಬೆ ಇವೆಲ್ಲ ಹೊಸ ಸಸಿಯಲ್ಲಿ ಬರಲು ದಶಕಗಳೇ ಬೇಕು. ನೂರು ಸಸಿ ನೆಡುತ್ತೇವೆ ಅನ್ನುವ ಮಾತಿನ ಮೇಲೆ ಒಂದು ಹಳೆಯ ಮರ ಕಡಿಯುವುದನ್ನು ನಾನು ಯಾವತ್ತೂ ಒಪ್ಪುವುದಿಲ್ಲ. ಅಲಂಕಾರದ ಸಾಲಿನಲ್ಲಿ ಸೊರಗಿದ ಗಿಡಗಳನ್ನು ಒಂದೊಂದಾಗಿ ತೆಗೆದು ನಿಂಬೆ, ಕರಿಬೇವು, ಎಕ್ಕ ಮತ್ತು ಸುತ್ತಮುತ್ತ ತಾನಾಗಿ ಬೆಳೆಯುವ ಪೊದೆಗಳನ್ನು ಹಾಕಿದೆ. ನರ್ಸರಿಯಲ್ಲಿ ಇಂಥವು ಸುಲಭವಾಗಿ ಸಿಗುವುದಿಲ್ಲ. ಬೀಜ ಆರಿಸಿಕೊಂಡು ಬಂದು ಸಸಿ ಮಾಡುವುದೇ ವಾಸಿ.

ನಿಂಬೆ ಗಿಡವೊಂದನ್ನೇ ನೋಡಿ. ಚಿಗುರೆಲೆಯನ್ನು ಮಗುಚಿದರೆ ಸಾಸಿವೆಗಿಂತ ಚಿಕ್ಕದಾದ, ತಿಳಿಹಳದಿ ಬಣ್ಣದ ದುಂಡನೆ ಮೊಟ್ಟೆ ಕಾಣುತ್ತದೆ. ನಿಂಬೆ ಚಿಟ್ಟೆ ಸಾಮಾನ್ಯವಾಗಿ ಒಂದೊಂದನ್ನೇ ಬಿಡಿಬಿಡಿಯಾಗಿ ಇಡುತ್ತದೆ. ಅದರಿಂದ ಬರುವ ಮರಿಹುಳು ಕಂದು ಮತ್ತು ಬಿಳಿ ಬಣ್ಣದ್ದು, ಥೇಟ್ ಹಕ್ಕಿಯ ಹಿಕ್ಕೆ. ಹಕ್ಕಿ ಅದನ್ನು ನೋಡಿಯೂ ಮುಂದೆ ಹೋಗುತ್ತದೆ. ದೊಡ್ಡದಾದಂತೆ ಪೊರೆ ಕಳಚಿ ಎಲೆಯ ಹಸಿರಿಗೆ ತಿರುಗುತ್ತದೆ. ಆಗ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಮಿಶ್ರಿತ ಕಿತ್ತಳೆ ಬಣ್ಣದ ಕವಲು ಕೊಂಬು ಹೊರಗೆ ಬರುತ್ತದೆ, ಜೊತೆಗೆ ಘಾಟು ವಾಸನೆ. ಮಕ್ಕಳಿಗೆ ಇದನ್ನು ಒಮ್ಮೆ ತೋರಿಸಿದರೆ ಸಾಕು, ಆಮೇಲೆ ಗಿಡಕ್ಕೆ ಔಷಧಿ ಹೊಡೆಯಲು ಅವರೇ ಬಿಡುವುದಿಲ್ಲ. ಇದರಲ್ಲಿ ಎಲ್ಲ ಹುಳವೂ ಚಿಟ್ಟೆಯಾಗುವುದಿಲ್ಲ. ಕಣಜಗಳು ಕೆಲವನ್ನು ಒಯ್ಯುತ್ತವೆ, ಹಕ್ಕಿಗಳು ಕೆಲವನ್ನು ತಿನ್ನುತ್ತವೆ. ಹಾಗೆ ಆಗಲಿ ಅಂತಲೇ ಗಿಡ ಹಾಕಿದ್ದು.

ನೆಲದ ವಿಷಯಕ್ಕೆ ಬಂದರೆ, ಮರದ ಕೆಳಗೆ ಬಿದ್ದ ತರಗೆಲೆಯನ್ನು ಗುಡಿಸುವುದು ನಿಲ್ಲಿಸಿದೆವು. ದಾರಿಯ ಮೇಲೆ ಬಿದ್ದದ್ದನ್ನೂ ಮರದ ಬುಡಕ್ಕೇ ಎಳೆದು ಹಾಕುತ್ತೇವೆ. ಅದರಡಿ ಎರೆಹುಳ, ಸಹಸ್ರಪದಿ, ಜೇಡ, ಚಿಟ್ಟೆ ಪತಂಗಗಳ ಕೋಶ ಎಲ್ಲವೂ ಇರುತ್ತವೆ. ಕೆದಕಿ ತಿನ್ನುವ ಹಕ್ಕಿಗಳು ಬಂದದ್ದು ಇದರಿಂದಲೇ. ಹಾಗಂತ ಎಲ್ಲ ಕಡೆ ಎಲೆ ಮುಚ್ಚಬೇಡಿ. ಬಿಸಿಲು ಬೀಳುವ ಒಂದು ಮೂಲೆಯನ್ನು ಬರೀ ಮಣ್ಣಾಗಿ ಬಿಡಿ. ಜಗತ್ತಿನಲ್ಲಿ 20,000ಕ್ಕೂ ಹೆಚ್ಚು ಜಾತಿಯ ಜೇನ್ನೊಣಗಳಿವೆ. ಹೆಚ್ಚಿನವು ಗೂಡಿನಲ್ಲಿ ಗುಂಪಾಗಿ ಇರುವುದಿಲ್ಲ, ಒಂಟಿಯಾಗಿ ಬದುಕುತ್ತವೆ. ಅವುಗಳಲ್ಲಿ ಬಹಳಷ್ಟು ನೆಲದಲ್ಲೇ ಬಿಲ ತೋಡುತ್ತವೆ. ಕಾಂಕ್ರೀಟು, ಟೈಲ್ಸು, ದಪ್ಪ ಹುಲ್ಲು ಹಾಸಿದ ಕಡೆ ಅವಕ್ಕೆ ಜಾಗವಿಲ್ಲ. ಟೊಳ್ಳು ಬಿದಿರಿನ ತುಂಡುಗಳನ್ನು ಕಟ್ಟಿ ಮಳೆ ಬೀಳದ ಕಡೆ ನೇತು ಹಾಕಿದರೆ ಇನ್ನು ಕೆಲವು ಬರುತ್ತವೆ. ತೂತಿನ ಅಗಲ 3ರಿಂದ 10 ಮಿಲಿಮೀಟರ್ ಇದ್ದು, ಹಿಂಬದಿ ಮುಚ್ಚಿರಬೇಕು. ಗುಲಾಬಿ ಎಲೆಯ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದ ಹಾಗೆ ದುಂಡಗಿನ ಕಚ್ಚು ಕಂಡರೆ ಅದು ಎಲೆ ಕತ್ತರಿಸುವ ಜೇನಿನ ಕೆಲಸ. ಆ ತುಂಡನ್ನು ಸುತ್ತಿಕೊಂಡು ಹೋಗಿ ಮೊಟ್ಟೆಗೆ ಕೋಣೆ ಮಾಡುತ್ತದೆ. ಗಿಡಕ್ಕೆ ಅದರಿಂದ ಏನೂ ಆಗುವುದಿಲ್ಲ.

ನೀರು ಇಡಲೇಬೇಕು. ಎರಡು ಮೂರು ಸೆಂಟಿಮೀಟರ್ ಆಳದ, ಒರಟು ತಳದ ಅಗಲ ತಟ್ಟೆ, ಮಧ್ಯೆ ಒಂದು ಕಲ್ಲು. ಸೊಳ್ಳೆ ಬರುತ್ತದೆ ಅನ್ನುವ ಭಯ ನ್ಯಾಯವಾದದ್ದೇ. ಸೆಖೆಯ ದಿನಗಳಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರ ಹತ್ತು ದಿನ ಬೇಕು. ದಿನ ಬಿಟ್ಟು ದಿನ ತಟ್ಟೆ ಉಜ್ಜಿ ನೀರು ಬದಲಿಸಿದರೆ ಆ ಮಾತೇ ಬರುವುದಿಲ್ಲ. ಹೊಗೆ ಹಾಕಿಸುವುದನ್ನು ನಾವು ಬಿಟ್ಟೆವು. ಹೊಗೆ ಹಾರಾಡುವ ಸೊಳ್ಳೆಯನ್ನು ಕೊಲ್ಲುತ್ತದೆ, ನೀರಿನಲ್ಲಿರುವ ಮರಿಗಳನ್ನು ಬಿಡುತ್ತದೆ. ಜೊತೆಗೆ ಸೊಳ್ಳೆ ಹಿಡಿದು ತಿನ್ನುವ ಏರೋಪ್ಲೇನ್ ಚಿಟ್ಟೆ, ಜೇಡ ಇವುಗಳನ್ನೂ ಕೊಲ್ಲುತ್ತದೆ. ಅದರ ಬದಲು ಟೆರೇಸಿನ ಮೇಲೆ, ಕುಂಡಗಳ ಕೆಳಗಿನ ತಟ್ಟೆಗಳಲ್ಲಿ, ಮುಚ್ಚಳ ಸರಿಯಾಗಿ ಕೂರದ ಡ್ರಮ್ಮುಗಳಲ್ಲಿ ನಿಂತ ನೀರನ್ನು ಹುಡುಕಿ ಚೆಲ್ಲುವ ಕೆಲಸ ಹಂಚಿಕೊಂಡೆವು.

ನಿಜವಾಗಿ ಕಷ್ಟದ್ದು ಗಿಡ, ಹುಳ ಯಾವುದೂ ಅಲ್ಲ. ಅಕ್ಕಪಕ್ಕದವರ ಕಣ್ಣಿಗೆ ಜಾಗ ಹಾಳುಬಿದ್ದ ಹಾಗೆ ಕಾಣಬಾರದು, ಕಷ್ಟ ಅಲ್ಲಿದೆ. "ಯಾಕೆ ಸಾರ್, ಮಾಲಿ ಬರ್ತಿಲ್ವಾ?" ಅಂತ ಒಬ್ಬರು ಕೇಳಿದರೆ ಮುಗಿಯಿತು, ಮುಂದಿನ ಮೀಟಿಂಗಿನಲ್ಲಿ ಎಲ್ಲ ಬೋಳಿಸುವ ನಿರ್ಣಯ ಆಗಬಹುದು. ಇಲ್ಲಿ ನನಗೆ ಸಹಾಯವಾದದ್ದು ಜೋನ್ ನಸ್ಸಾವರ್ ಅನ್ನುವ ಅಮೆರಿಕದ ಭೂದೃಶ್ಯ ತಜ್ಞೆಯ ವಿಚಾರ. ಒಳಗೆ ಎಷ್ಟೇ ಕಾಡು ಇರಲಿ, ಸುತ್ತಲಿನ ಅಂಚು ಅಚ್ಚುಕಟ್ಟಾಗಿದ್ದರೆ, ಇದನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ ಅನ್ನುವುದು ನೋಡಿದವರಿಗೆ ತಿಳಿಯುತ್ತದೆ ಎಂದು 1990ರ ದಶಕದಲ್ಲಿ ಅವರು ಬರೆದರು. ನಾವು ಅದನ್ನೇ ಮಾಡಿದೆವು. ದಾರಿಯ ಪಕ್ಕ ಒಂದು ಅಡಿ ಅಗಲಕ್ಕೆ ಹುಲ್ಲು ಸಮನಾಗಿ ಕತ್ತರಿಸುತ್ತೇವೆ. ಅಂಚಿಗೆ ಕಲ್ಲು ಜೋಡಿಸಿದ್ದೇವೆ. ಒಂದು ಬೆಂಚು ಹಾಕಿದ್ದೇವೆ. ಯಾವ ಗಿಡಕ್ಕೆ ಯಾವ ಚಿಟ್ಟೆ ಅಂತ ಚಿತ್ರವಿರುವ ಫಲಕ ಇದೆ. ಒಣಕೊಂಬೆಗಳನ್ನು ಎಲ್ಲೆಂದರಲ್ಲಿ ಬಿಡದೆ ಒಂದೇ ಕಡೆ ಒಟ್ಟಿದ್ದೇವೆ. ಹಲ್ಲಿ, ಹಾವುರಾಣಿಗೆ ಅದೂ ಸಾಕು. ದೂರು ಹೇಳುತ್ತಿದ್ದ ಹಿರಿಯರೊಬ್ಬರು ಈಗ ಬೆಂಚಿನ ಕಾಯಂ ಗಿರಾಕಿ.

ಮೀಟಿಂಗಿನಲ್ಲಿ ಒಂದು ವಿಷಯ ತುಂಬ ಕೆಲಸಕ್ಕೆ ಬಂತು. 1984ರಲ್ಲಿ ರೋಜರ್ ಉಲ್ರಿಕ್ ಎಂಬ ಸಂಶೋಧಕರು ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರ ಹಳೆಯ ದಾಖಲೆ ನೋಡಿ ಒಂದು ವರದಿ ಕೊಟ್ಟರು. ಪಿತ್ತಕೋಶದ ಆಪರೇಷನ್ ಆದವರಲ್ಲಿ, ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ನೋವಿಗೆ ಜೋರು ಔಷಧಿಯೂ ಅವರಿಗೆ ಕಡಿಮೆ ಬೇಕಾಯಿತು. ಇದನ್ನು ಕೇಳಿದ ಮೇಲೆ ಹಿಂಬದಿ ಕಿಟಕಿಯವರು ನಮ್ಮ ಪರ ನಿಂತರು.

ಇನ್ನು ದೀಪ. ರಾತ್ರಿಯೆಲ್ಲ ಉರಿಯುವ ಬಿಳಿ ಎಲ್‌ಇಡಿ ದೀಪದ ಸುತ್ತ ಪತಂಗಗಳು ಸುತ್ತಿ ಸುತ್ತಿ ಸುಸ್ತಾಗಿ ಬೀಳುವುದನ್ನು ನೀವೂ ನೋಡಿರುತ್ತೀರಿ. ಅವು ಬೆಳಕಿನ ಆಸೆಗೆ ಬರುತ್ತವೆ ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು. 2024ರಲ್ಲಿ ಪ್ರಕಟವಾದ ಸಂಶೋಧನೆ ಬೇರೆಯದನ್ನೇ ಹೇಳಿತು. ಹಾರುವ ಹುಳಗಳು ಬೆನ್ನನ್ನು ಬೆಳಕಿನ ಕಡೆಗೆ ಇಟ್ಟುಕೊಳ್ಳುತ್ತವೆ, ಯಾಕೆಂದರೆ ರಾತ್ರಿಯೂ ನೆಲಕ್ಕಿಂತ ಆಕಾಶವೇ ಬೆಳಕು. ಹತ್ತಿರದಲ್ಲಿ ದೀಪ ಇದ್ದಾಗ ಅದಕ್ಕೇ ಬೆನ್ನು ತಿರುಗಿಸುತ್ತವೆ, ಮೈ ವಾಲುತ್ತದೆ, ಹಾದಿ ಬಾಗಿ ಅಲ್ಲೇ ಸುತ್ತುತ್ತವೆ. ಒಂದರ್ಥದಲ್ಲಿ ಅವು ಅಲ್ಲಿ ಸಿಕ್ಕಿಬಿದ್ದಿವೆ. ಇದನ್ನು ಓದಿದ ವಾರವೇ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಬೆಳಕು ಕೆಳಗೆ ಮಾತ್ರ ಬೀಳುವ ಹಾಗೆ ಮುಚ್ಚಳ, 2,700 ಕೆಲ್ವಿನ್ ಹಳದಿ ಬಲ್ಬು, ದಾರಿಯಲ್ಲಿ ಯಾರಾದರೂ ಬಂದಾಗಷ್ಟೇ ಹತ್ತುವ ಸೆನ್ಸರ್. ಕತ್ತಲಾದರೆ ಕಳ್ಳರ ಭಯ ಅಂದರು. ಕಣ್ಣಿಗೆ ಹೊಡೆಯುವ ಬೆಳಕಿನ ಹಿಂದೆ ನಿಂತವನ ಮುಖ ಕಾಣುವುದಿಲ್ಲ, ಕೆಳಗೆ ಬೀಳುವ ಬೆಳಕಲ್ಲಿ ಕಾಣುತ್ತದೆ ಅನ್ನುವುದನ್ನು ಸೆಕ್ಯುರಿಟಿಯವರೇ ನಿಂತು ನೋಡಿ ಒಪ್ಪಿಕೊಂಡರು.

ಗಾಜಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಗಿಡ ಬೆಳೆದು ಹಕ್ಕಿ ಬರಲು ಶುರುವಾದ ಮೇಲೆ ಮೆಟ್ಟಿಲ ಹತ್ತಿರದ ದೊಡ್ಡ ಗಾಜಿಗೆ ಅವು ಬಡಿಯಬಹುದು. ಗಾಜಿನಲ್ಲಿ ಕಾಣುವ ಮರವನ್ನು ನಿಜವಾದ ಮರ ಎಂದುಕೊಳ್ಳುತ್ತವೆ. ಅಮೆರಿಕವೊಂದರಲ್ಲೇ ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಹೀಗೆ ಸಾಯುತ್ತವೆ ಎಂದು 2014ರ ಅಂದಾಜು ಹೇಳುತ್ತದೆ. ಒಂದೇ ಒಂದು ಗಿಡುಗನ ಸ್ಟಿಕ್ಕರ್ ಅಂಟಿಸಿದರೆ ಪ್ರಯೋಜನವಿಲ್ಲ. ಗಾಜಿನ ಹೊರಮೈಗೆ, ಐದೈದು ಸೆಂಟಿಮೀಟರಿಗೆ ಒಂದರಂತೆ, ಇಡೀ ಗಾಜಿಗೆ ಚುಕ್ಕಿ ಇಡಬೇಕು. ಒಳಗಡೆ ಅಂಟಿಸಿದರೆ ಪ್ರತಿಬಿಂಬ ಹಾಗೇ ಉಳಿಯುತ್ತದೆ.

ಈಗ ನಡೆಯುತ್ತಿರುವುದು ಗೋಡೆಯ ಕೆಲಸ. ಇಷ್ಟು ಚಿಕ್ಕ ಜಾಗದಲ್ಲಿ ಕಪ್ಪೆ, ಹಾವುರಾಣಿಯಂಥವು ಕೆಲವೇ ಇದ್ದರೆ, ಒಂದು ಕೆಟ್ಟ ಬೇಸಿಗೆಗೆ ಪೂರ್ತಿ ಇಲ್ಲವಾಗಬಹುದು. ಪಕ್ಕದಿಂದ ಮತ್ತೆ ಬರಲು ದಾರಿ ಇರಬೇಕು. ಬ್ರಿಟನ್ನಿನಲ್ಲಿ ಮುಳ್ಳುಹಂದಿಯ ಹಾಗೆ ಮೈತುಂಬ ಮುಳ್ಳಿರುವ ಹೆಡ್ಜ್‌ಹಾಗ್ ಎಂಬ ಪುಟ್ಟ ಪ್ರಾಣಿಗಾಗಿ ಜನ ಬೇಲಿಯ ಬುಡದಲ್ಲಿ 13 ಸೆಂಟಿಮೀಟರ್ ಚೌಕದ ಕಿಂಡಿ ಬಿಡುತ್ತಾರೆ, ಹೀಗೆ ಬೀದಿಯ ಎಲ್ಲ ಹಿತ್ತಲೂ ಒಂದಾಗುತ್ತವೆ. ಅದೇ ಅಳತೆಯ ಎರಡು ಕಿಂಡಿ ನಮ್ಮ ಮತ್ತು ಪಕ್ಕದ ಕಾಂಪೌಂಡಿನ ನಡುವೆ ಆಗಿವೆ. ಅದರಾಚೆಯವರು ಇನ್ನೂ ಒಪ್ಪಿಲ್ಲ. ಇಲಿ ಬರುತ್ತದೆ ಅನ್ನುವುದು ಅವರ ಆತಂಕ. ಇಲಿ ಬರುವುದು ತೆರೆದಿಟ್ಟ ಹಸಿ ಕಸಕ್ಕೆ, ಹಾವು ಬರುವುದು ಇಲಿಗೆ. ಹಾಗಾಗಿ ಮೊದಲು ಮೂರೂ ಕಾಂಪೌಂಡಿನ ಹಸಿ ಕಸದ ಡಬ್ಬಗಳಿಗೆ ಬಿಗಿ ಮುಚ್ಚಳ ಹಾಕಿಸುತ್ತೇವೆ, ಕೆಲವು ತಿಂಗಳು ಅವರೇ ನೋಡಲಿ, ಆಮೇಲೆ ಅವರ ಗೋಡೆಯಲ್ಲೂ ಕಿಂಡಿ ಕೊರೆಯೋಣ ಅಂತ ಮಾತಾಗಿದೆ.