ತಪ್ಪು ಸೀಟಿಯ ಗುರುವಾರ

ಪಂದ್ಯದ ದಿನ ನನ್ನ ಅಂಗಿಯ ಜೇಬಿನಲ್ಲಿ ಐದಾರು ಲವಂಗ ಇರುತ್ತವೆ. ಹಲ್ಲುನೋವಿಗಲ್ಲ. ರೆಫರಿಯ ಸೀಟಿ ನಮ್ಮ ವಿರುದ್ಧ ಕೇಳಿದ ಕೂಡಲೇ ಒಂದನ್ನು ಬಾಯಿಗೆ ಹಾಕಿಕೊಂಡು ಕಚ್ಚುತ್ತೇನೆ. ಅದರ ಖಾರ ನಾಲಿಗೆಗೆ ಹತ್ತಿ ಇಳಿಯುವಷ್ಟರಲ್ಲಿ ಆಡಬಾರದ ಮಾತು ಗಂಟಲಿನಿಂದ ಹಿಂದಕ್ಕೆ ಸರಿದಿರುತ್ತದೆ. ಸಾಧಾರಣ ಪಂದ್ಯಕ್ಕೆ ಎರಡು ಸಾಕು, ಕೆಟ್ಟ ಪಂದ್ಯಕ್ಕೆ ನಾಲ್ಕು. ಬೀದರಿನ ಆ ಪಂದ್ಯಕ್ಕೆ ಒಂದು ಡಬ್ಬಿಯೇ ಬೇಕಾಗುತ್ತಿತ್ತು, ಆದರೆ ಆಗ ಈ ಉಪಾಯ ಹೊಳೆದಿರಲಿಲ್ಲ.

ನಾನು ಕಲಬುರಗಿಯಲ್ಲಿ ಒಂದು ಸರ್ಕಾರಿ ಕಚೇರಿಯ ಗುಮಾಸ್ತ. ಬೆಳಗಿನ ಹೊತ್ತು ಹದಿನಾಲ್ಕರಿಂದ ಹದಿನೇಳು ವರ್ಷದ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಕ್ರಿಕೆಟ್ ಆಡುವವರು ಬ್ಯಾಟು ಹಿಡಿದು ಬರುವ ಮುಂಚೆಯೇ ನಾವು ಮೈದಾನದಲ್ಲಿ ಜಾಗ ಹಿಡಿಯಬೇಕು. ನಮ್ಮದು ಎರೆ ನೆಲ. ಮಳೆಗಾಲದಲ್ಲಿ ಮಣ್ಣು ಬೂಟಿಗೆ ಅಂಟಿಕೊಂಡು ಒಂದೊಂದು ಕಾಲೂ ಎರಡು ಕಾಲಿನಷ್ಟು ಭಾರವಾಗುತ್ತದೆ, ಬೇಸಿಗೆಯಲ್ಲಿ ಪಾದ ಹೊರಳುವಂಥ ಬಿರುಕು ಬಿಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಕಚೇರಿಗಳು ಬಿಸಿಲಿಗೆ ಹೆದರಿ ಎಂಟಕ್ಕೇ ಬಾಗಿಲು ತೆರೆಯುವುದರಿಂದ ಐದೂವರೆಗೆ ಅಭ್ಯಾಸ ಶುರುವಾಗಬೇಕು. ಉಷ್ಣಾಂಶ 42 ಡಿಗ್ರಿ ದಾಟುವ ಊರಿನಲ್ಲಿ ಹುಡುಗರ ತಲೆ ಬೇಗ ಬಿಸಿಯಾಗುತ್ತದೆ ಎಂದು ಬಹಳ ಕಾಲ ಬಿಸಿಲಿನ ಮೇಲೆಯೇ ತಪ್ಪು ಹೊರಿಸಿಕೊಂಡು ಬಂದಿದ್ದೆ. ಬೀದರಿನ ಪಂದ್ಯ ಜನವರಿಯಲ್ಲಿ ನಡೆಯಿತು. ಬೆಳಿಗ್ಗೆ ಸ್ವೆಟರು ಬೇಕಾಗುವಷ್ಟು ಚಳಿಯಿತ್ತು.

2023ರ ಮಾತು. ಒಂದು ಟೂರ್ನಿಯ ಸೆಮಿಫೈನಲ್. ಪಂದ್ಯ 1–1ರಲ್ಲಿತ್ತು, ಮುಗಿಯಲು ನಾಲ್ಕೈದು ನಿಮಿಷ ಬಾಕಿ. ಚೆಂಡು ನಮ್ಮ ಡಿಫೆಂಡರ್ ಒಬ್ಬನ ಭುಜಕ್ಕೆ ತಗುಲಿತು. ರೆಫರಿ ಅದನ್ನು ಕೈ ಎಂದು ತಿಳಿದು ಪೆನಾಲ್ಟಿ ಕೊಟ್ಟರು. ಭುಜಕ್ಕೇ ತಗುಲಿತ್ತೆಂದು ಇಂದಿಗೂ ಹೇಳುತ್ತೇನೆ. ಇರಲಿ. ನಾನು ಗೆರೆ ದಾಟಿ ಒಳಗೆ ನುಗ್ಗಿ, ಕೈಯಲ್ಲಿದ್ದ ನೀರಿನ ಬಾಟಲಿಯನ್ನು ನೆಲಕ್ಕೆ ಅಪ್ಪಳಿಸಿದೆ. ಮುಚ್ಚಳ ಹಾರಿ ನೀರು ರೆಫರಿಯ ಕಾಲುಚೀಲದ ಮೇಲೆ ಸಿಡಿಯಿತು. ಅರವತ್ತರ ಹತ್ತಿರದ ಮನುಷ್ಯ. ಒಮ್ಮೆ ಕಾಲುಚೀಲ ನೋಡಿಕೊಂಡರು, ಒಮ್ಮೆ ನನ್ನನ್ನು ನೋಡಿದರು, ಕೆಂಪು ಕಾರ್ಡ್ ಎತ್ತಿದರು. ತರಬೇತುದಾರರಿಗೂ ಕಾರ್ಡ್ ತೋರಿಸಬಹುದೆಂಬ ನಿಯಮ 2019ರಲ್ಲಿ ಬಂದಿದೆ. ಹುಡುಗರಿಗೆ ಅದನ್ನು ಹೇಳಿಕೊಟ್ಟವನೂ ನಾನೇ. ಅಷ್ಟಕ್ಕೆ ಹೊರಗೆ ನಡೆದಿದ್ದರೆ ಗೋಲ್‌ಕೀಪರ್ ಪೆನಾಲ್ಟಿ ತಡೆಯುತ್ತಿದ್ದನೋ ಏನೋ. ನಾನು "ನಡೆಯಿರಿ ಎಲ್ಲರೂ" ಎಂದು ಕೈ ಬೀಸಿದೆ. ಹನ್ನೊಂದು ಮಂದಿಯೂ ನನ್ನ ಹಿಂದೆ ಬಂದರು. ಎದುರಿನವರು ಆಡದೆಯೇ ಫೈನಲ್‌ಗೆ ಹೋದರು.

ವಾಪಸು ಬರುವಾಗ ಬಸ್ಸು ಹುಮನಾಬಾದ್ ದಾಟಿದ ಮೇಲೆ ಹಿಂದಿನ ಸೀಟುಗಳಲ್ಲಿ ನಗು ಎದ್ದಿತು. ತಿರುಗಿ ನೋಡಿದರೆ, ನಮ್ಮ ತಂಡದ ಎಲ್ಲರಿಗಿಂತ ಚಿಕ್ಕ ಹುಡುಗ ನಡುವಿನ ದಾರಿಯಲ್ಲಿ ನಿಂತು ನನ್ನಂತೆ ಮಾಡಿ ತೋರಿಸುತ್ತಿದ್ದಾನೆ. ಖಾಲಿ ಬಾಟಲಿ ಎತ್ತಿದ, ಕುತ್ತಿಗೆಯ ನರ ಉಬ್ಬಿಸಿದ, ತೋರುಬೆರಳನ್ನು ಯಾರದೋ ಮೂಗಿನ ತುದಿಗೆ ಹಿಡಿದ. ಒಂದಿಷ್ಟೂ ಹೆಚ್ಚು ಕಡಿಮೆಯಿಲ್ಲ. ಅವನು ಅಣಕಿಸುತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಕಂಠಪಾಠ ಮಾಡಿದ ಮಗ್ಗಿಯನ್ನು ಮೇಷ್ಟರಿಗೆ ಒಪ್ಪಿಸುವ ಹುಡುಗನ ಹಾಗೆ ನಿಂತಿದ್ದ. ಕಮಲಾಪುರ ಬರುವವರೆಗೆ ನಾನು ಕಿಟಕಿಯ ಆಚೆ ತೊಗರಿ ಹೊಲ ನೋಡುತ್ತ ಕುಳಿತೆ.

ಎರಡು ತಿಂಗಳು ಕಳೆಯುವ ಮುನ್ನ, ಮಾರ್ಚ್ 3ರಂದು, ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ಲೇ ಆಫ್ ಪಂದ್ಯ. ಹೆಚ್ಚುವರಿ ಸಮಯದಲ್ಲಿ ಬೆಂಗಳೂರು ಎಫ್‌ಸಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳ ಬ್ಲಾಸ್ಟರ್ಸ್‌ನವರು ಸಾಲಾಗಿ ನಿಂತು ಅಡ್ಡಗೋಡೆ ಕಟ್ಟಿಕೊಳ್ಳುವ ಮುನ್ನವೇ ಸುನಿಲ್ ಛೆಟ್ರಿ ಚೆಂಡನ್ನು ಬಲೆಗೆ ಕಳಿಸಿಬಿಟ್ಟರು. ರೆಫರಿ ಗೋಲು ಎಂದರು. ಬ್ಲಾಸ್ಟರ್ಸ್ ತರಬೇತುದಾರ ಇವಾನ್ ವುಕೊಮನೊವಿಚ್ ತಂಡವನ್ನೇ ಹೊರಗೆ ಕರೆದುಕೊಂಡರು. ಮಾರನೆಯ ಬೆಳಿಗ್ಗೆ ನನ್ನ ಹುಡುಗರ ಮುಖದಲ್ಲಿ ಹಬ್ಬ. "ಸರ್, ನಾವು ಬೀದರಿನಲ್ಲಿ ಮಾಡಿದ್ದನ್ನೇ ಇವರೂ ಮಾಡಿದ್ದಾರೆ!"

ಫ್ರೀ ಕಿಕ್ ಬೇಗ ಹೊಡೆಯುವುದಕ್ಕೆ ನಿಯಮದಲ್ಲಿ ಅವಕಾಶವಿದೆ. ಎದುರಿನವರು 9.15 ಮೀಟರ್ ದೂರ ಸರಿಯಬೇಕೆಂದು ರೆಫರಿ ವ್ಯವಸ್ಥೆಗೆ ತೊಡಗಿದರೆ ಮಾತ್ರ ಮತ್ತೆ ಸೀಟಿಗಾಗಿ ಕಾಯಬೇಕು. ಆ ದಿನ ಯಾವುದಾಗಿತ್ತು ಎಂಬ ಜಗಳವನ್ನು ಬೇವಿನ ಮರದ ಕೆಳಗೆ ನಾವೂ ಒಂದು ವಾರ ಆಡಿದೆವು. ತಿಂಗಳ ಕೊನೆಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿಯ ತೀರ್ಪು ಬಂತು: ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ತರಬೇತುದಾರರಿಗೆ 10 ಪಂದ್ಯಗಳ ನಿಷೇಧ. ನಮ್ಮ ಗೋಲ್‌ಕೀಪರ್ ನಾಲ್ಕು ಕೋಟಿಯನ್ನು ಎರೆಮಣ್ಣಿನ ಮೇಲೆ ಕಡ್ಡಿಯಿಂದ ಬರೆದು ಸೊನ್ನೆ ಎಣಿಸಿದ. "ಸರ್, ನಮಗೆ ಎಷ್ಟು ಹಾಕುತ್ತಿದ್ದರು?" ಎಂದು ಕೇಳಿದ. ನಮಗೆ ದಂಡ ಹಾಕಿದ್ದರೆ ಬಸ್ ಚಾರ್ಜಿಗೂ ದುಡ್ಡು ಉಳಿಯುತ್ತಿರಲಿಲ್ಲ.

ಅಲ್ಲಿಂದ ಶುರುವಾಯಿತು ಗುರುವಾರದ ಅಭ್ಯಾಸ. ಉಪದೇಶ ಮಾಡಿ ನೋಡಿದ್ದೆ, ಹುಡುಗರು ತಲೆಯಾಡಿಸಿ ಮರುದಿನ ಮತ್ತೆ ಕೂಗುತ್ತಿದ್ದರು. ಪೆನಾಲ್ಟಿಯನ್ನು ಅಭ್ಯಾಸ ಮಾಡುತ್ತೇವೆ, ಕಾರ್ನರನ್ನು ಅಭ್ಯಾಸ ಮಾಡುತ್ತೇವೆ, ಅನ್ಯಾಯವನ್ನು ಮಾತ್ರ ಮಾಡುವುದಿಲ್ಲ. ಅದು ಪಂದ್ಯದಲ್ಲಿಯೇ ಮೊದಲ ಸಲ ಎದುರಾಗುತ್ತದೆ. ಹಾಗಾಗಿ ವಾರಕ್ಕೊಂದು ದಿನ ಸೀಟಿ ಹಿಡಿದು ಬೇಕೆಂದೇ ತಪ್ಪು ತೀರ್ಪು ಕೊಡತೊಡಗಿದೆ. ಆಫ್‌ಸೈಡ್ ಅಲ್ಲದ್ದಕ್ಕೆ ಆಫ್‌ಸೈಡ್, ಸ್ಪಷ್ಟ ಫೌಲಿಗೆ "ಆಡಿ, ಆಡಿ". ಯಾವ ಸೀಟಿ ತಪ್ಪು, ಯಾವುದು ಸರಿ ಎಂದು ಹೇಳುತ್ತಿರಲಿಲ್ಲ. ಮೊದಲ ಗುರುವಾರ ಮೈದಾನ ಸಂತೆಯಾಯಿತು. ಒಬ್ಬ ಬೂಟು ಬಿಚ್ಚಿ ಮನೆಗೆ ಹೊರಟ.

ಎರಡನೆಯ ವಾರ ಮೊಬೈಲಿನಲ್ಲಿ ಚಿತ್ರೀಕರಿಸಿದೆ. ಸೀಟಿ ಊದಿದ ಮೇಲೆ ಮೂವರು ನನ್ನ ಸುತ್ತ ನಿಂತು ವಾದಿಸುತ್ತಿದ್ದಾರೆ. ಅಷ್ಟರಲ್ಲಿ ಎದುರಿನವರು ಫ್ರೀ ಕಿಕ್ ತೆಗೆದುಕೊಂಡು ಎರಡೇ ಪಾಸಿನಲ್ಲಿ ಗೋಲು ಹೊಡೆದಿದ್ದಾರೆ. ಬಲಬದಿ ಪೂರ್ತಿ ಖಾಲಿ, ಏಕೆಂದರೆ ಬಲಬದಿಯವನು ನನಗೆ ನ್ಯಾಯ ಹೇಳುತ್ತಿದ್ದಾನೆ. ಇದನ್ನು ನಾಲ್ಕು ಸಲ ತೋರಿಸಿದೆ, ಒಂದು ಮಾತೂ ಆಡಲಿಲ್ಲ. ಸದ್ಗುಣವೆಂದು ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ, ಗೋಲು ಬಿತ್ತೆಂದಾಗ ಕೇಳಿದರು. ಸೀಟಿ ಕೇಳಿದ ಕೂಡಲೇ ಬೆನ್ನು ತಿರುಗಿಸಿ ತನ್ನ ಜಾಗಕ್ಕೆ ಓಡಬೇಕು, ಬೈಯುವುದಿದ್ದರೆ ಓಡುತ್ತ ಮನಸ್ಸಿನಲ್ಲಿ ಬೈಯಲಿ ಎಂದು ಗೊತ್ತು ಮಾಡಿಕೊಂಡೆವು. ನಾಯಕ ಒಬ್ಬನೇ ರೆಫರಿಯ ಹತ್ತಿರ ಹೋಗಬಹುದು. ಕೈ ಬೆನ್ನ ಹಿಂದೆ, ಒಂದೇ ವಾಕ್ಯ, "ಸರ್" ಎಂದು ಮೊದಲು. ಮುಂದಿನ ವರ್ಷ, ಯೂರೊ 2024ರಲ್ಲಿ, ನಾಯಕನೊಬ್ಬನೇ ರೆಫರಿಯ ಬಳಿ ಮಾತನಾಡಬೇಕೆಂದು ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಕಟ್ಟುನಿಟ್ಟು ಮಾಡಿದಾಗ, ಅವರು ನಮ್ಮದನ್ನು ಕದ್ದಿದ್ದಾರೆಂದು ಹುಡುಗರು ಇಂದಿಗೂ ನಂಬಿದ್ದಾರೆ.

ನನ್ನ ಬಾಯಿಗೆ ಮಾತ್ರ ಯಾವ ಅಭ್ಯಾಸವೂ ಬರಲಿಲ್ಲ. ಮನೆಯಲ್ಲಿ ಮಸಾಲೆ ಡಬ್ಬಿ ಕಂಡಾಗ ಲವಂಗ ಹೊಳೆಯಿತು.

ಬೀಳುವ ನಾಟಕ ಇನ್ನೂ ಗಟ್ಟಿ ರೋಗ. ನಮ್ಮ ಹುಡುಗರು ಮೊಬೈಲಿನಲ್ಲಿ ದೊಡ್ಡ ಆಟಗಾರರನ್ನು ನೋಡಿ ಡ್ರಿಬ್ಲಿಂಗ್ ಕಲಿಯುವಷ್ಟೇ ಶ್ರದ್ಧೆಯಿಂದ ಹೊರಳಾಟವನ್ನೂ ಕಲಿಯುತ್ತಾರೆ. 2002ರ ವಿಶ್ವಕಪ್‌ನಲ್ಲಿ ಟರ್ಕಿಯ ಆಟಗಾರ ಒದ್ದ ಚೆಂಡು ಕಾಲಿಗೆ ತಗುಲಿದರೆ ಬ್ರೆಜಿಲ್‌ನ ರಿವಾಲ್ಡೊ ಮುಖ ಹಿಡಿದುಕೊಂಡು ಉರುಳಿದ್ದರು. ಎದುರಿನವನಿಗೆ ಕೆಂಪು ಕಾರ್ಡ್ ಸಿಕ್ಕಿತು, ರಿವಾಲ್ಡೊಗೆ ಆಮೇಲೆ ದಂಡ ಬಿತ್ತು, ಆ ವರ್ಷದ ಕಪ್ಪೂ ಬ್ರೆಜಿಲ್‌ಗೇ ಹೋಯಿತು. ಇಂಥ ಉದಾಹರಣೆ ಕೊಟ್ಟು ನಾಟಕ ಮಾಡಬೇಡಿ ಎನ್ನುವುದು ಹೇಗೆ? ಅದಕ್ಕೆ ನಾಟಕವನ್ನೇ ಆಡಿಸಿದೆ. ಒಬ್ಬ ನಿಜವಾಗಿ ಎಡವಬೇಕು, ಇನ್ನೊಬ್ಬ ಸುಳ್ಳು ಬೀಳಬೇಕು, ಉಳಿದವರು ಗುರುತಿಸಬೇಕು. ನಾಲ್ಕೈದು ಸಲಕ್ಕೆ ಎಲ್ಲರಿಗೂ ಗುಟ್ಟು ಸಿಕ್ಕಿತು. ನಿಜವಾಗಿ ಬೀಳುವವನ ಕೈ ತಾನಾಗಿಯೇ ನೆಲಕ್ಕೆ ಹೋಗುತ್ತದೆ, ಮುಖ ಉಳಿಸಿಕೊಳ್ಳಲು. ಸುಳ್ಳು ಬೀಳುವವನ ಎರಡೂ ಕೈ ಮೇಲಕ್ಕೆ ಹೋಗುತ್ತವೆ, ಎದೆ ಬಿಲ್ಲಿನ ಹಾಗೆ ಮುಂದೆ ಬಾಗುತ್ತದೆ. ಈಗ ಪಂದ್ಯದಲ್ಲಿ ನಮ್ಮವನೇ ಯಾರಾದರೂ ಕೈ ಮೇಲೆತ್ತಿ ಬಿದ್ದರೆ ಬೆಂಚಿನಲ್ಲಿ ಕುಳಿತವರೇ ಮೊದಲು ನಗುತ್ತಾರೆ. ಹಳದಿ ಕಾರ್ಡಿಗಿಂತ ಆ ನಗು ಹೆಚ್ಚು ಕೆಲಸ ಮಾಡಿದೆ.

ಒಳ್ಳೆಯ ಆಟಗಾರ, ಕೆಟ್ಟ ಆಟಗಾರ ಎಂದು ವಿಂಗಡಿಸುವುದನ್ನು ನಾನು ಬಿಟ್ಟದ್ದು ಇಟಲಿಯ ಆಟಗಾರ ಪಾವ್ಲೊ ಡಿ ಕಾನಿಯೊ ಅವರಿಂದಾಗಿ. 1998ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವೆನ್ಸ್‌ಡೇ ತಂಡದಲ್ಲಿದ್ದಾಗ ಕೆಂಪು ಕಾರ್ಡ್ ತೋರಿಸಿದ ರೆಫರಿಯನ್ನು ಎದೆಗೆ ಕೈಹಾಕಿ ತಳ್ಳಿದರು. ರೆಫರಿ ತೂರಾಡಿಕೊಂಡು ಹಿಂದಕ್ಕೆ ಬಿದ್ದರು, ಇವರಿಗೆ 11 ಪಂದ್ಯಗಳ ನಿಷೇಧ. ಅದೇ ಮನುಷ್ಯ 2000ರ ಡಿಸೆಂಬರಿನಲ್ಲಿ, ವೆಸ್ಟ್ ಹ್ಯಾಮ್ ಪರ ಎವರ್ಟನ್ ವಿರುದ್ಧ ಆಡುವಾಗ, 1–1ರಲ್ಲಿದ್ದ ಪಂದ್ಯದ ಕೊನೆಯಲ್ಲಿ ತನ್ನತ್ತ ಬಂದ ಚೆಂಡನ್ನು ಗೋಲಿಗೆ ಹೊಡೆಯದೆ ಕೈಯಲ್ಲಿ ಹಿಡಿದುಬಿಟ್ಟರು. ಎದುರಾಳಿ ಗೋಲ್‌ಕೀಪರ್ ಗಾಯಗೊಂಡು ನೆಲದ ಮೇಲಿದ್ದ. ಅದಕ್ಕೆ ಫಿಫಾ ಪ್ರಶಸ್ತಿ ಬಂತು. ನನ್ನ ಹುಡುಗರಿಗೆ ಎರಡೂ ವಿಡಿಯೊಗಳನ್ನು ಒಟ್ಟಿಗೆ ತೋರಿಸುತ್ತೇನೆ. ಒಂದನ್ನೇ ತೋರಿಸುವುದು ಮೋಸ.

ಕಳೆದ ವರ್ಷ ಮತ್ತೆ ಬೀದರಿಗೆ ಹೋದೆವು. ಅದೇ ರೆಫರಿ. ಪಂದ್ಯಕ್ಕೆ ಮುಂಚೆಯೇ ಅವರ ಹತ್ತಿರ ಹೋಗಿ, "ಸರ್, ಹಿಂದೊಮ್ಮೆ ಬಾಟಲಿ ಎಸೆದವನು ನಾನೇ. ತಪ್ಪಾಯಿತು" ಎಂದೆ. ಎರಡು ವರ್ಷ ಮನಸ್ಸಿನಲ್ಲಿ ತಿದ್ದಿ ತೀಡಿದ ಮಾತು. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಯಾವ ಬಾಟಲಿ?" ಎಂದರು. ವರ್ಷಕ್ಕೆ ಎಷ್ಟು ಬಾಟಲಿ ಕಂಡಿರುತ್ತಾರೋ.

ಆ ಪಂದ್ಯದಲ್ಲಿ 0–0 ಇದ್ದಾಗ ಚೆಂಡು ನಮ್ಮ ಎಡಬದಿಯ ಡಿಫೆಂಡರ್‌ನ ಮೊಣಕಾಲಿಗೆ ಸವರಿಕೊಂಡು ಗೋಲಿನ ಗೆರೆ ದಾಟಿತು. ರೆಫರಿ ಗೋಲ್ ಕಿಕ್ ಎಂದರು, ಅಂದರೆ ಚೆಂಡು ನಮಗೆ. ಹುಡುಗ ಕೈಯೆತ್ತಿ, "ಸರ್, ನನಗೆ ತಗುಲಿತು" ಎಂದ. ಎದುರಿನವರಿಗೆ ಕಾರ್ನರ್ ಆಯಿತು. ಕಾರ್ನರಿನಿಂದ ಗೋಲಾಯಿತು. ಸೋತೆವು. ನಿಜ ಒಪ್ಪಿಕೊಳ್ಳಬೇಕೆಂದು ನಾನು ಅವನಿಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ನಾನು ಕಲಿಸಿದ್ದು ಬಾಯಿ ಮುಚ್ಚಿಕೊಂಡು ಓಡುವುದನ್ನು ಮಾತ್ರ. ಆ ದಿನ ಲವಂಗ ಕಚ್ಚಿದ್ದು ನಮ್ಮವನ ಮೇಲಿನ ಸಿಟ್ಟಿಗೆ ಎಂದು ಹೇಳಲು ನಾಚಿಕೆಯಾಗುತ್ತದೆ.

ಮರುದಿನ ಅವನ ಅಪ್ಪ ಮೈದಾನದ ಗೇಟಿನಲ್ಲಿ ಆಟೊ ನಿಲ್ಲಿಸಿ ಬಂದರು. "ಸರ್, ನೀವು ಹುಡುಗನಿಗೆ ಆಟ ಕಲಿಸುತ್ತೀರೋ, ಹರಿಶ್ಚಂದ್ರನ ಪಾತ್ರ ಕಲಿಸುತ್ತೀರೋ?"

ನಾನು ರಾಬಿ ಫೌಲರ್ ಕಥೆ ಹೇಳಿದೆ. 1997ರಲ್ಲಿ ಲಿವರ್‌ಪೂಲ್ ಪರ ಆರ್ಸೆನಲ್ ವಿರುದ್ಧ ಆಡುವಾಗ ಪೆನಾಲ್ಟಿ ಸಿಕ್ಕಿತು. ಗೋಲ್‌ಕೀಪರ್ ತನ್ನನ್ನು ಬೀಳಿಸಲಿಲ್ಲವೆಂದು ಫೌಲರ್ ತಾವೇ ರೆಫರಿಗೆ ಹೇಳಿದರು. ರೆಫರಿ ಒಪ್ಪಲಿಲ್ಲ. ಫೌಲರ್ ಹೊಡೆದ ಪೆನಾಲ್ಟಿಯನ್ನು ಗೋಲ್‌ಕೀಪರ್ ತಡೆದರು.

"ಆಮೇಲೆ?"

"ಪುಟಿದು ಬಂದ ಚೆಂಡನ್ನು ಜೊತೆಯ ಆಟಗಾರ ಗೋಲು ಮಾಡಿದ. ಲಿವರ್‌ಪೂಲ್ 2–1ರಿಂದ ಗೆದ್ದಿತು."

"ನೋಡಿ, ಅವರಿಗೆ ನಿಜ ಹೇಳಿಯೂ ಗೋಲು ಸಿಕ್ಕಿತು. ನಮ್ಮವನಿಗೆ ಏನು ಸಿಕ್ಕಿತು?"

ಉತ್ತರ ನನ್ನಲ್ಲಿರಲಿಲ್ಲ. 2012ರಲ್ಲಿ ಇಟಲಿಯ ಲಾಜಿಯೊ ತಂಡದ ಪರ ಆಡುತ್ತಿದ್ದ ಜರ್ಮನಿಯ ಮಿರೊಸ್ಲಾವ್ ಕ್ಲೋಸೆ, ಚೆಂಡು ತನ್ನ ಕೈಗೆ ತಗುಲಿ ಒಳಗೆ ಹೋಯಿತೆಂದು ಒಪ್ಪಿಕೊಂಡು ಗೋಲು ರದ್ದು ಮಾಡಿಸಿದ್ದು, ಆಮೇಲೆ ಅವರ ತಂಡ ನಾಪೊಲಿಗೆ 3–0ಯಿಂದ ಸೋತದ್ದು ನೆನಪಾಯಿತು. ಆ ಹೊತ್ತಿನಲ್ಲಿ ಅದನ್ನು ಹೇಳುವ ಧೈರ್ಯ ಬರಲಿಲ್ಲ. "ಅಣ್ಣಾ, ಅವನು ಹೇಳಿದ್ದರಿಂದ ಸೋಲಲಿಲ್ಲ. ಕಾರ್ನರ್ ತಡೆಯಲು ಬರದೆ ಸೋತೆವು. ಅದು ನಾನು ಕಲಿಸದ ತಪ್ಪು" ಎಂದೆ. ಅವರು ಏನೂ ಹೇಳದೆ ಗೋಡೆಗೆ ಒರಗಿ ನಿಂತರು.

ಅಂದು ಒಂದು ಗಂಟೆ ಕಾರ್ನರ್ ಮಾತ್ರ. ಕೋಲಿನ ಮೂಲೆಯಿಂದ ನಾನೇ ಚೆಂಡು ಎತ್ತಿ ಹಾಕುತ್ತಿದ್ದೆ, ಹುಡುಗರು ತಲೆಯಿಂದ ಹೊರಗಟ್ಟುತ್ತಿದ್ದರು. ಇಪ್ಪತ್ತು ಹೊಡೆತದ ಮೇಲೆ ನನ್ನ ಮೊಣಕಾಲು ಹಿಡಿದುಕೊಂಡಿತು, ಚೆಂಡು ತಗ್ಗಾಗಿ ಬೀಳತೊಡಗಿತು. ಗೋಡೆಯ ಹತ್ತಿರದಿಂದ ಕೂಗು ಬಂತು:

"ಸರ್, ಬೀದರಿನವರು ಇಷ್ಟು ಮೆತ್ತಗೆ ಹೊಡೆದಿರಲಿಲ್ಲ ಅಂತೆ. ಎತ್ತಿ ಹೊಡೆಯಿರಿ!"