ಪಂಚಾಂಗ ನೋಡಿ ವಿಯೆಟ್ನಾಂ ಕಡುಬು ತಿನ್ನಿಸಿದ್ದು

ವಿಯೆಟ್ನಾಂ ಟೂರ್ ಅಂದರೆ ನಮ್ಮ ಕಸುಬಿನವರಿಗೆ ಒಂದೇ ದಾರಿ. ಡಾ ನಾಂಗ್‌ನಲ್ಲಿ ಇಂಡಿಯನ್ ಬಫೆ, ಹನೋಯ್‌ನಲ್ಲಿ ಇಂಡಿಯನ್ ಬಫೆ, ನಡುವೆ ಬಸ್ಸಿನಲ್ಲಿ ಪುಳಿಯೋಗರೆ ಗೊಜ್ಜು. ಅಜ್ಜಿ, ಮೊಮ್ಮಕ್ಕಳು, ಮಡಿ ಮಾಡುವವರು ಎಲ್ಲ ಸೇರಿದ ಗ್ರೂಪಿಗೆ ಅಲ್ಲಿನದೇ ಕಡುಬು ತಿನ್ನಿಸುತ್ತೇನೆ ಅಂತ ನಾನು ಹೇಳಿದಾಗ, ಮೈಸೂರಿನಲ್ಲಿ ನನಗಿಂತ ಹತ್ತು ವರ್ಷ ಮುಂಚೆ ಟೂರ್ ಶುರು ಮಾಡಿದವರೊಬ್ಬರು, 'ಮೀನಿನ ವಾಸನೆ ಬಂದರೆ ನಮ್ಮ ಜನ ಬಸ್ಸೇ ಇಳಿಯಲ್ಲ ಕಣಯ್ಯ, ಕೈ ಸುಟ್ಕೋತೀಯ' ಅಂದರು. ಸುಟ್ಟುಕೊಂಡೆ ಕೂಡ, ಎರಡು ಸಲ. ಮೂರನೇ ಸಲ ಗೆದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ 2023ರಲ್ಲಿ, ಹತ್ತೊಂಬತ್ತು ಜನ. ಊರು ಹ್ವೆ. 1802ರಿಂದ 1945ರವರೆಗೆ ಆ ದೇಶದ ರಾಜಧಾನಿ. ಕಡುಬಿನ ಮಟ್ಟಿಗೆ ಈಗಲೂ ರಾಜಧಾನಿಯೇ. ಬಾನ್ ಬೆಯೊ ಅಂದರೆ ಪುಟ್ಟ ಬಟ್ಟಲಲ್ಲಿ ಬೇಯಿಸಿದ ಪುಟಾಣಿ ತಟ್ಟೆ ಇಡ್ಲಿ ಅಂದುಕೊಳ್ಳಿ. ಬಾನ್ ನಮ್ ಎಲೆಯಲ್ಲಿ ಮಡಿಚಿದ ತೆಳು ಅಕ್ಕಿ ಕಡುಬು. ಬಾನ್ ಬೊತ್ ಲಾಕ್ ಮರಗೆಣಸಿನ ಹಿಟ್ಟಿನದು, ಕನ್ನಡಿಯ ಹಾಗೆ ಒಳಗಿನ ಹೂರಣ ಕಾಣುತ್ತದೆ. ಮಾಮೂಲಾಗಿ ಮೂರರಲ್ಲೂ ಸಿಗಡಿ ಇರುತ್ತದೆ, ಹಲವು ಕಡೆ ಹಂದಿಯೂ. ಲೋಕಲ್ ಗೈಡ್ 'ವೆಜಿಟೇರಿಯನ್ ಇದೆ' ಅಂದ, ನಂಬಿದೆ. ಅಂಗಡಿಯವರು ಮೇಲಿನ ಸಿಗಡಿ ಪುಡಿ ಬಿಟ್ಟು ಕೊಟ್ಟರು, ನಿಜ. ಪಕ್ಕದ ಬಟ್ಟಲಲ್ಲಿ ಮಾತ್ರ ನುಕ್ ಮಾಮ್, ಮೀನು ಕೊಳೆಸಿದ ರಸ. ಗ್ರೂಪಿನ ರಾಯರೊಬ್ಬರು ಬಟ್ಟಲನ್ನು ಮೂಗಿನ ಹತ್ತಿರ ತಂದರು, ಕೆಳಗಿಟ್ಟರು, ಎದ್ದರು. ಅವರ ಹಿಂದೆ ಹದಿಮೂರು ಜನ ಎದ್ದರು. ಇನ್ನೊಬ್ಬ ಅಜ್ಜಿಗೆ ಏಳುವುದಕ್ಕೇ ಆಗಲಿಲ್ಲ. ಒಂದಡಿ ಎತ್ತರದ ಪ್ಲಾಸ್ಟಿಕ್ ಸ್ಟೂಲು, ಮಂಡಿ ಹಿಡಿದುಕೊಂಡಿತ್ತು. ರಾತ್ರಿ ಎಲ್ಲರನ್ನೂ ಇಂಡಿಯನ್ ಹೋಟೆಲಿಗೆ ಕರೆದೊಯ್ದೆ. ತಲೆಗೆ ಸುಮಾರು ಎಂಟುನೂರು, ಹದಿನೈದು ಸಾವಿರದ ಮೇಲೆ ನನ್ನ ಜೇಬಿನಿಂದ.

ಆ ರಾತ್ರಿ ಹೋಟೆಲ್ ರಿಸೆಪ್ಷನ್ನಿನ ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಕಂಡೆ. ದೊಡ್ಡ ಅಂಕೆ ಇಂಗ್ಲಿಷ್ ತಾರೀಖು, ಕೆಳಗೆ ಚಿಕ್ಕದಾಗಿ ಇನ್ನೊಂದು. ಕೌಂಟರಿನ ಹುಡುಗಿಯನ್ನು ಕೇಳಿದರೆ, ಅದು ಚಂದ್ರನ ಲೆಕ್ಕ, ಒಂದು ಮತ್ತು ಹದಿನೈದನೇ ದಿನ ನಮ್ಮಮ್ಮ ಚಯ್ ತಿನ್ನುತ್ತಾರೆ ಅಂದಳು. ಚಯ್ ಅಂದರೆ ಬೌದ್ಧರ ಸಸ್ಯಾಹಾರ. ಹ್ವೆ ಊರಿನ ತುಂಬ ಬೌದ್ಧ ಗುಡಿಗಳು. ಆ ಎರಡು ದಿನ ಎಷ್ಟೋ ಮನೆಗಳಲ್ಲಿ ಮೀನು ಮಾಂಸ ಇಲ್ಲ, ಬೀದಿಯಲ್ಲಿ ಚಯ್ ಬೋರ್ಡುಗಳು ಹೆಚ್ಚುತ್ತವೆ. ಹೆಸರುಬೇಳೆ, ಅಣಬೆ ತುಂಬಿದ ಬೊತ್ ಲಾಕ್ ಬುಟ್ಟಿಗಟ್ಟಲೆ ಬರುತ್ತದೆ. ನಮ್ಮ ಏಕಾದಶಿಗೆ ಸಬ್ಬಕ್ಕಿ ಬಂದ ಹಾಗೆ.

ಅಷ್ಟೇ ತಾನೆ ಅಂತ ಊರಿಗೆ ಬಂದು ಒಂಟಿಕೊಪ್ಪಲ್ ಪಂಚಾಂಗ ತೆಗೆದೆ, ಪಾಡ್ಯಕ್ಕೆ ಸರಿಯಾಗಿ ಹ್ವೆ ಬರುವ ಹಾಗೆ ಟಿಕೆಟ್ ಹಾಕಿದೆ. ಹೋದರೆ ಚಯ್ ಭರಾಟೆ ಹಿಂದಿನ ದಿನವೇ ಮುಗಿದಿತ್ತು! ಅಮಾವಾಸ್ಯೆ ಘಳಿಗೆ ಮುಗಿಯುವ ದಿನವೇ ಅವರ ತಿಂಗಳ ಒಂದು. ಆ ಸಲ ಅದು ನಮ್ಮ ಪಂಚಾಂಗದಲ್ಲಿ ಅಮಾವಾಸ್ಯೆ ಅಂತಲೇ ಇತ್ತು. ಕೆಲವು ತಿಂಗಳು ಪಾಡ್ಯಕ್ಕೇ ಬರುತ್ತದೆ. ಎರಡನೇ ಸೋಲು. ಹೋಗಿದ್ದು ಏಳೆಂಟು ಸಾವಿರ, ಜೊತೆಗೆ ಒಂದು ಕುಟುಂಬದ ಮುನಿಸು. ಈಗ ಪಂಚಾಂಗದಲ್ಲಿ ಅಂದಾಜು ಮಾಡಿ, ಅವರ ಕ್ಯಾಲೆಂಡರಿನಲ್ಲಿ ಖಾತ್ರಿ ಮಾಡಿಕೊಂಡು ಆಮೇಲೆ ಬುಕ್ಕಿಂಗ್.

ಗೆದ್ದದ್ದು 2025ರ ಭಾರತ ಹುಣ್ಣಿಮೆಗೆ. ಫೆಬ್ರವರಿ 12, ಅಲ್ಲಿ ವರ್ಷದ ಮೊದಲ ಹದಿನೈದು. ಇಪ್ಪತ್ತೆರಡು ಜನ, ಅದರಲ್ಲಿ ಆರು ಮಕ್ಕಳು, ಎಪ್ಪತ್ತು ದಾಟಿದವರು ನಾಲ್ವರು. ಹಿಂದಿನ ಸಂಜೆ ಹೋಯ್ ಆನ್. ಅವರ ಚಂದ್ರನ ಲೆಕ್ಕದ ಪ್ರತಿ ತಿಂಗಳ ಹದಿನಾಲ್ಕರ ರಾತ್ರಿ ಹಳೇ ಪೇಟೆಯಲ್ಲಿ ಕರೆಂಟ್ ದೀಪ ಆರಿಸಿ ಬರೀ ಲಾಟೀನು ಹಚ್ಚುತ್ತಾರೆ. ಒಂದೇ ಟಿಕೆಟ್ಟಿಗೆ ಎರಡು ಕೆಲಸ, ಇದು ನನ್ನ ತಲೆ ಅಂತ ಹೇಳಿಕೊಳ್ಳಲಡ್ಡಿಯಿಲ್ಲ. ಹೋಯ್ ಆನ್‌ನ ಬಿಳಿ ಗುಲಾಬಿ ಕಡುಬು ಸಿಗಡಿಯದು. ಹಾಯ್ ಬಾ ತ್ರುಂಗ್ ರಸ್ತೆಯಲ್ಲಿ ಒಂದು ಮನೆತನದವರು ಮಾಡುತ್ತಾರೆ, ಊರಿನ ಹೋಟೆಲುಗಳಿಗೂ ಅಲ್ಲಿಂದಲೇ ಹೋಗುತ್ತದೆ. ನಮ್ಮ ಮಂಗಳೂರಿನ ಎರಡು ಕುಟುಂಬ ಎರಡೆರಡು ತಟ್ಟೆ ಖಾಲಿ ಮಾಡಿದವು. ಉಳಿದವರು ಹೆಂಗಸರು ಹಿಟ್ಟಿನ ಹಾಳೆಗೆ ನೆರಿಗೆ ಹಿಡಿಯುವುದನ್ನು ನೋಡುತ್ತ ನಿಂತರು. ಸಸ್ಯಾಹಾರಿ ಮಕ್ಕಳಿಗೆ ತಿನ್ನಲು ಏನೂ ಇಲ್ಲದಿದ್ದರೂ ಕಾಲು ಗಂಟೆ ಗಲಾಟೆಯಿಲ್ಲ.

ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಬಸ್ಸು, ಹಾಯ್ ವಾನ್ ಸುರಂಗ ದಾಟಿ ಮೂರು ಗಂಟೆಯಲ್ಲಿ ಹ್ವೆ. ಜಿನುಗು ಮಳೆ. ಮಧ್ಯಾಹ್ನ ಮೊಸರನ್ನ ಕೊಟ್ಟು ಮಲಗಿಸಿದೆ. ಕಡುಬಿನ ಹೊತ್ತು ಮೂರು ಗಂಟೆ, ಹ್ವೆಯವರು ಇವನ್ನು ಸಂಜೆಯ ತಿಂಡಿಯಾಗಿಯೇ ತಿನ್ನುತ್ತಾರೆ. ಹುಣ್ಣಿಮೆ ದಿನ ಊಟದ ಹೊತ್ತಿಗೆ ಹೋದರೆ ಕೂರಲು ಜಾಗವೇ ಸಿಗಲ್ಲ. ಎರಡು ದಿನ ಮುಂಚೆ ನಮ್ಮ ಹುಡುಗನ ಕೈಲಿ ಐದು ಲಕ್ಷ ಡಾಂಗ್ ಮುಂಗಡ ಕೊಡಿಸಿದ್ದೆ. ಕೇಳಿದರೆ ಭಯವಾಗುತ್ತದೆ, ನಮ್ಮ ಸಾವಿರದ ಏಳುನೂರು ಅಷ್ಟೇ.

ಅಂಗಡಿ ಆರಿಸುವಾಗ ರುಚಿ ಕೊನೆಗೆ. ಮೊದಲು ಟಾಯ್ಲೆಟ್, ಆಮೇಲೆ ಕುರ್ಚಿ. ಕುರ್ಚಿ ಇಲ್ಲದಿದ್ದರೆ ಮೂರು ಸ್ಟೂಲು ಒಂದರೊಳಗೊಂದು ಕೂರಿಸಿ ಕೊಡಿ, ಅಜ್ಜಿಯರ ಮಂಡಿಗೆ ಸರಿಹೋಗುತ್ತದೆ. ಮೂರನೆಯದು, ಎಲೆ ಬಿಚ್ಚುವ ಕಡುಬು ಇರಬೇಕು. ಎಲೆ ಬಿಚ್ಚುವ ಕೆಲಸ ಸಿಕ್ಕರೆ ಮಕ್ಕಳು ಮೊಬೈಲ್ ಕೇಳಲ್ಲ. ನಾಲ್ಕು ವರ್ಷದೊಳಗಿನವರಿಗೆ ಬೊತ್ ಲಾಕ್ ಕತ್ತರಿಸಿ ಕೊಡಿ, ಅಂಟುತ್ತದೆ, ಗಂಟಲಲ್ಲಿ ನಿಂತೀತು. ರಸದ ಬಟ್ಟಲಿನ ಹಸಿಮೆಣಸು ಮಕ್ಕಳಿಂದ ದೂರ, ಹ್ವೆಯ ಖಾರ ಗುಂಟೂರಿನವರನ್ನೂ ಅಳಿಸುತ್ತದೆ. ಮಠದ ಕಟ್ಟುನಿಟ್ಟಿನ ಚಯ್‌ನಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ಅಂಗಡಿಯಲ್ಲಿ ಮಾತ್ರ ಕೇಳಿಯೇ ಕೂರಿ. ಮತ್ತೆ, ಚಯ್ ಅನ್ನುವಾಗ ಎಳೆಯಬೇಡಿ. ನಮ್ಮ ತಾತ ಒಬ್ಬರು 'ಚಾಯ್, ಚಾಯ್' ಅಂತ ಜೋರು ಮಾಡಿದ್ದಕ್ಕೆ ಅಂಗಡಿಯವಳು ಬಿಯರ್ ತಂದಿಟ್ಟಳು. ಎಳೆದು ಹೇಳಿದರೆ ಬಾಟ್ಲಿ ಅಂತ ಅರ್ಥ.

ಬಿಲ್ಲು ಹದಿನೇಳೂವರೆ ಲಕ್ಷ ಡಾಂಗ್ ಚಿಲ್ಲರೆ, ಅಂದಾಜು ಆರು ಸಾವಿರ ರೂಪಾಯಿ. ಬಫೆ ಆಗಿದ್ದರೆ ಹದಿನೇಳು ಸಾವಿರದ ಮೇಲೆ. ಅಂಗಡಿ ಯಾವುದು ಅಂತ ಫೋನ್ ಮಾಡಿದವರಿಗೆಲ್ಲ ಒಂದೇ ಉತ್ತರ: ಕಡುಬಿಗೆ ಹೆಸರಾದದ್ದು ನ್ಗುಯೆನ್ ಬಿನ್ ಖಿಯೆಮ್ ರಸ್ತೆ, ಅಲ್ಲಿಂದ ಹುಡುಕಲು ಶುರು ಮಾಡಿ. ನಮಗೆ ಕಡುಬು ಮಾಡಿಕೊಡುವ ಹ್ವೆಯ ಅಜ್ಜಿಯ ಮನೆ ಇರುವ ಸಂದು ಹೇಳಲ್ಲ. ನುಕ್ ಮಾಮ್ ಬದಲಿಗೆ ನಾನು ಕಲೆಸಿಸುವ ರಸದಲ್ಲಿ ಸೋಯಾ, ನಿಂಬೆ, ಸಕ್ಕರೆ ಇದೆ, ನಾಲ್ಕನೆಯದು ನನ್ನ ಹತ್ತಿರವೇ ಇರಲಿ.

ಹನೋಯ್‌ನಲ್ಲಿ ಬಾನ್ ಕುವೊನ್‌ಗೂ ಕೈ ಹಾಕಿದೆ. ಪಾತ್ರೆ ಬಾಯಿಗೆ ಬಟ್ಟೆ ಬಿಗಿದು ಆವಿಯಲ್ಲಿ ಹುಯ್ಯುವ ನೀರು ದೋಸೆ ಅದು. ಹೂರಣ ಹಾಕಿಸದೆ ಖಾಲಿ ತೆಗೆಸಿ, ತುಪ್ಪ ಚಟ್ನಿಪುಡಿ ಸವರಿ ಕೊಟ್ಟೆ. ಹುಡುಗರು ಮೂರು ಸಲ ಕೇಳಿದರು. ಅಂಗಡಿಯಾಕೆಯೂ ಚಟ್ನಿಪುಡಿ ನೆಕ್ಕಿ ನೋಡಿ ಪೊಟ್ಟಣವನ್ನೇ ಇಟ್ಟುಕೊಂಡಳು.

ಮನೆಯಲ್ಲೂ ಬೊತ್ ಲಾಕ್ ಮಾಡಿದೆವು. ಮೊದಲು ಸಬ್ಬಕ್ಕಿ ನೆನೆಸಿ ರುಬ್ಬಿ ಮಾಡಿದ್ದು ಗೋಂದಾಯಿತು. ಆಮೇಲೆ ಮರಗೆಣಸಿನ ಹಿಟ್ಟು ತಂದು ತಣ್ಣೀರಲ್ಲಿ ಕಲೆಸಿದರೆ ಕೈಯಲ್ಲಿ ನಿಲ್ಲದೆ ಹರಿಯಿತು. ಕೊನೆಗೆ ಕುದಿಯುವ ನೀರು ಸ್ವಲ್ಪ ಸ್ವಲ್ಪವೇ ಹಾಕಿ, ಬಿಸಿ ಇರುವಾಗಲೇ ನಾದಿದಾಗ ಕನ್ನಡಿ ಬಂತು. ಬಾಳೆಲೆಯನ್ನು ಒಲೆಯ ಮೇಲೆ ಬಾಡಿಸಿಕೊಳ್ಳುವುದು ಮರೆತಿದ್ದೆ, ಅರ್ಧ ಎಲೆ ಹರಿಯಿತು. ನನ್ನ ಹೆಂಡತಿ ಉಳಿದ ಹೂರಣಕ್ಕೆ ಬೆಲ್ಲ ಹಾಕಿ ಹೋಳಿಗೆ ತಟ್ಟಿದಳು.